ಮನೆಯ ಟಿ.ವಿ.ಯನ್ನು ಎರವಲು ಪಡೆದ ಗಣಕಯಂತ್ರ

ಮಗುವಿಗೊಂದು ಗಣಕಯಂತ್ರ ಕೊಡಿಸಬೇಕು. ಕೈಯಲ್ಲಿ ಹಣ ಕಡಿಮೆ. ಏನು ಮಾಡುವುದು? ಈ ಪ್ರಶ್ನೆಗೆ ನಲವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಅದರಲ್ಲಿ ನನ್ನ ಕಸುಬಾದ ದೂರದರ್ಶನಕ್ಕೂ ಒಂದು ಪಾತ್ರವಿದೆ. ವಿದ್ಯಾರ್ಥಿ ಮಿತ್ರರೇ, ಮುಂದೆ ಓದುವಾಗ ಯಂತ್ರದ ಪೆಟ್ಟಿಗೆಯೊಳಗೆ ಏನೇನು ಇರಲಿಲ್ಲ ಎಂಬುದನ್ನು ಗಮನಿಸುತ್ತಾ ಹೋಗಿ.

1977ರಲ್ಲಿ ಅಮೆರಿಕದಲ್ಲಿ ಬಂದ ಆಪಲ್ 2 ಯಂತ್ರದ ಬೆಲೆ 1,298 ಡಾಲರ್. ಸಾಧಾರಣ ಸಂಬಳದ ಮನೆಗೆ ಅದು ದೂರದ ಮಾತು. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ, ಅಂಗೈಯಗಲದ ಕ್ಯಾಲ್ಕುಲೇಟರ್‌ಗಳಿಂದ ಹೆಸರಾಗಿದ್ದ ಕ್ಲೈವ್ ಸಿಂಕ್ಲೇರ್ ಲೆಕ್ಕವನ್ನು ತಲೆಕೆಳಗು ಮಾಡಿದ. ನೂರು ಪೌಂಡಿನ ಒಳಗೆ ಬೆಲೆಯನ್ನು ಮೊದಲು ಗೊತ್ತುಮಾಡಿ, ಅದಕ್ಕೆ ಹೊಂದುವಂತೆ ಯಂತ್ರವನ್ನು ರೂಪಿಸುವುದು ಅವನ ದಾರಿ. 1980ರಲ್ಲಿ ಜೆಡ್‌ಎಕ್ಸ್ 80 ಬಂತು. ಮರುವರ್ಷ ಬಂದ ಜೆಡ್‌ಎಕ್ಸ್ 81ರ ಬೆಲೆ 69.95 ಪೌಂಡ್, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 1,200 ರೂಪಾಯಿ. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸುವುದಾದರೆ 49.95 ಪೌಂಡ್ ಸಾಕು. ಹಲವು ಮನೆಗಳಲ್ಲಿ ಅಪ್ಪ ಮಕ್ಕಳು ಅಡುಗೆಮನೆಯ ಮೇಜಿನ ಮೇಲೆ ಕೂತು ಇದನ್ನು ಜೋಡಿಸಿದರು.

ಅಗ್ಗವಾದದ್ದು ಹೇಗೆ? ಪರದೆಯೇ ಇರಲಿಲ್ಲ, ಮನೆಯ ಟಿ.ವಿ.ಯೇ ಪರದೆ. ಮಾಹಿತಿ ಕೂಡಿಡಲು ಹಾಡು ಕೇಳುವ ಕ್ಯಾಸೆಟ್ ರೆಕಾರ್ಡರ್. ಕೀಲಿಮಣೆಯೆಂದರೆ ಒತ್ತಿದರೆ ತಗ್ಗದ ಪ್ಲಾಸ್ಟಿಕ್ ಹಾಳೆ. ಹಿಂದಿನ ಯಂತ್ರದ ಸುಮಾರು ಇಪ್ಪತ್ತು ಚಿಪ್‌ಗಳ ಕೆಲಸ ಇಲ್ಲಿ ನಾಲ್ಕಕ್ಕೆ ಇಳಿದಿತ್ತು. ಸ್ಮೃತಿಕೋಶ ಒಂದೇ ಕಿಲೋಬೈಟ್. ಅಂದರೆ 1,024 ಇಂಗ್ಲಿಷ್ ಅಕ್ಷರಗಳು ಹಿಡಿಸುವಷ್ಟು ಜಾಗ.

ನನಗೆ ಅತ್ಯಂತ ಇಷ್ಟವಾಗುವುದು ಇದರ ಚಿತ್ರದ ಏರ್ಪಾಡು. ಟಿ.ವಿ.ಗೆ ಚಿತ್ರ ಕಳಿಸಲು ದುಬಾರಿಯಾದ ಪ್ರತ್ಯೇಕ ಚಿಪ್ ಹಾಕುವ ಬದಲು, ಲೆಕ್ಕ ಮಾಡುವ ಚಿಪ್ಪಿಗೇ ಆ ಕೆಲಸವನ್ನೂ ಹೊರಿಸಿದ್ದರು. ಹೀಗಾಗಿ ಜೆಡ್‌ಎಕ್ಸ್ 80 ಲೆಕ್ಕ ಮಾಡತೊಡಗಿದರೆ ಪರದೆ ಖಾಲಿಯಾಗುತ್ತಿತ್ತು. ಲೆಕ್ಕ ಮುಗಿದ ಮೇಲೆ ಚಿತ್ರ ಮರಳುತ್ತಿತ್ತು. ಜೆಡ್‌ಎಕ್ಸ್ 81ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಬ್ರಿಟನ್ನಿನ ಆಗಿನ ಟಿ.ವಿ. ಪರದೆಯ ಮೇಲೆ ಸೆಕೆಂಡಿಗೆ 50 ಬಾರಿ ಗೆರೆಗಳನ್ನು ಎಳೆಯಲಾಗುತ್ತಿತ್ತು. ಅಕ್ಷರಗಳಿರುವ ಭಾಗದ ಮೇಲೂ ಕೆಳಗೂ ಒಂದಿಷ್ಟು ಖಾಲಿ ಗೆರೆಗಳು. ಆ ಖಾಲಿ ಗೆರೆಗಳು ಹಾಯುವ ಚೂರುಪಾರು ಸಮಯದಲ್ಲಿ ಯಂತ್ರ ತನ್ನ ಲೆಕ್ಕ ಮಾಡಿಕೊಳ್ಳುತ್ತಿತ್ತು! ವೇಗ ಬಹಳ ತಗ್ಗುತ್ತಿತ್ತು, ನಿಜ. ಆದರೆ ಚಿತ್ರ ನಿಂತಿರುತ್ತಿತ್ತು. ದಿನವೂ ಗೆರೆ, ಫ್ರೇಮುಗಳ ನಡುವೆ ಬದುಕುವ ನನ್ನಂಥವನಿಗೆ ಇದು ಸೋಜಿಗದ ಜಿಪುಣತನ.

ಜಿಪುಣತನಕ್ಕೆ ದಂಡವೂ ಇತ್ತು. ಹೆಚ್ಚಿನ ಸ್ಮೃತಿಗಾಗಿ 16 ಕಿಲೋಬೈಟಿನ ಡಬ್ಬಿಯೊಂದನ್ನು ಬೆನ್ನಿಗೆ ಸಿಕ್ಕಿಸಬೇಕಿತ್ತು. ಕೀಲಿ ಒತ್ತುವಾಗ ಅದು ತುಸು ಅಲುಗಿದರೆ, ಗಂಟೆಗಟ್ಟಲೆ ಟೈಪು ಮಾಡಿದ್ದೆಲ್ಲ ಮಾಯ.

ಇತ್ತ ಬಿ.ಬಿ.ಸಿ. ದೂರದರ್ಶನವು ಜನರಿಗೆ ಗಣಕಯಂತ್ರ ಕಲಿಸುವ ಸರಣಿಯೊಂದನ್ನು ಯೋಜಿಸಿ, ಅದಕ್ಕೆ ತಕ್ಕ ಯಂತ್ರ ಹುಡುಕುತ್ತಿತ್ತು. ಸಿಂಕ್ಲೇರ್‌ಗೂ ಆಸೆಯಿತ್ತು. ಆದರೆ ಅವಕಾಶ ದೊರೆತದ್ದು ಅದೇ ಊರಿನ ಏಕಾರ್ನ್ ಕಂಪನಿಗೆ. ಅದನ್ನು ಹರ್ಮನ್ ಹೌಸರ್ ಜೊತೆ ಕಟ್ಟಿದ ಕ್ರಿಸ್ ಕರಿ ಹಿಂದೆ ಸಿಂಕ್ಲೇರ್‌ನ ಸಹೋದ್ಯೋಗಿ. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮತ್ತು ಸಂಗಡಿಗರು ಒಂದೇ ವಾರದೊಳಗೆ ಮಾದರಿ ಯಂತ್ರವನ್ನು ಸಿದ್ಧಪಡಿಸಿ ತೋರಿಸಿದರು. ಸರಣಿ 1982ರ ಜನವರಿಯಲ್ಲಿ ಪ್ರಸಾರವಾಯಿತು. ಈ ಯಂತ್ರಕ್ಕೆ ಗಟ್ಟಿಮುಟ್ಟಾದ ಕೀಲಿಮಣೆ, ಮುದ್ರಕಕ್ಕೂ ಡಿಸ್ಕಿಗೂ ಜಾಗ, ಎಲ್ಲ ಇತ್ತು. ಬೆಲೆ 235 ಮತ್ತು 335 ಪೌಂಡ್. ಬೇಗನೇ 299 ಮತ್ತು 399ಕ್ಕೆ ಏರಿತು. ಮನೆಯಲ್ಲಿ ಒಂದೇ ಟಿ.ವಿ. ಇದ್ದರೆ, ಪಾಠ ನೋಡುವಾಗ ಯಂತ್ರ ಮುಟ್ಟುವಂತಿಲ್ಲ, ಯಂತ್ರ ಮುಟ್ಟುವಾಗ ಪಾಠವಿಲ್ಲ. ಕಾರ್ಯಕ್ರಮ ನಿರ್ಮಿಸುವವರು ಯೋಚಿಸಬೇಕಾದ ಮಾತು!

ಅದೇ ಏಪ್ರಿಲ್‌ನಲ್ಲಿ ಸಿಂಕ್ಲೇರ್‌ನ ಬಣ್ಣದ ಸ್ಪೆಕ್ಟ್ರಮ್ 125 ಪೌಂಡಿಗೆ ಬಂತು. ಅರ್ಧ ಬೆಲೆಯನ್ನು ಸರಕಾರ ಭರಿಸಿದ್ದರಿಂದ ಶಾಲೆಗಳು ಹೆಚ್ಚಾಗಿ ಬಿ.ಬಿ.ಸಿ. ಯಂತ್ರ ಕೊಂಡವು, ಮನೆಗಳಿಗೆ ಸ್ಪೆಕ್ಟ್ರಮ್ ಲಕ್ಷಗಟ್ಟಲೆ ಹೋಯಿತು. ಎರಡರಲ್ಲೂ ಒಂದು ಗುಣ ಸಮಾನ. ಚಾಲೂ ಮಾಡಿದೊಡನೆ ಬೇಸಿಕ್ ಭಾಷೆ ಸಿದ್ಧವಾಗಿ, ನೀನೇ ಏನಾದರೂ ಬರೆ ಎಂಬಂತೆ ಯಂತ್ರ ಕಾಯುತ್ತಿತ್ತು. ಆಟ ಆಡಬೇಕೆಂದರೂ ಮೊದಲು ಒಂದು ಆಜ್ಞೆ ಟೈಪು ಮಾಡಲೇಬೇಕು.

ನಮ್ಮಲ್ಲಿ? 1984ರಲ್ಲಿ ಕೇಂದ್ರ ಸರಕಾರದ 'ಕ್ಲಾಸ್' ಯೋಜನೆ ಆರಂಭವಾಗಿ, ಇದೇ ಬಿ.ಬಿ.ಸಿ. ಯಂತ್ರಗಳು ಭಾರತದ ಪ್ರೌಢಶಾಲೆಗಳಿಗೆ ಬಂದವು. ನಾನು ಓದಿದ ಶಾಲೆಯಲ್ಲೂ ಒಂದಿತ್ತು. ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋಗಿ, ಹೊದಿಕೆ ಹೊದ್ದ ಅದನ್ನು ನೋಡಿ ಹೊರಗೆ ಬರುತ್ತಿದ್ದೆವು. ಕೀಲಿ ಮುಟ್ಟಿದ ನೆನಪು ನನಗಿಲ್ಲ. ಮನೆಯಲ್ಲಿ ಎರವಲು ಪಡೆಯೋಣವೆಂದರೆ ಟಿ.ವಿ.ಯೇ ಇರಲಿಲ್ಲ, 1987ರಲ್ಲಿ ಭಾನುವಾರದ ರಾಮಾಯಣಕ್ಕೆ ಬೀದಿಯವರೆಲ್ಲ ಪಕ್ಕದ ಮನೆಗೆ ಹೋಗುತ್ತಿದ್ದೆವು. ಸಿಂಕ್ಲೇರ್‌ನ ಅಗ್ಗದ ಲೆಕ್ಕ ನಡೆಯುವುದು, ಎರವಲು ಕೊಡಲು ಮನೆಯಲ್ಲಿ ಏನಾದರೂ ಇದ್ದಾಗ ಮಾತ್ರ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಕೆಲವು ಅಧ್ಯಾಪಕರು ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ 'ಸಿಂಪ್ಯೂಟರ್' ಇದಕ್ಕೆ ಬೇರೆ ಉತ್ತರ ಹುಡುಕಿತು. ಸುಮಾರು 9,000 ರೂಪಾಯಿಯ ಗುರಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು, ತಮ್ಮ ಮಾಹಿತಿಯನ್ನು ಸಣ್ಣ ಕಾರ್ಡಿನಲ್ಲಿ ಇಟ್ಟುಕೊಳ್ಳುವ ಏರ್ಪಾಡು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದರೊಳಗಿದ್ದ ಚಿಪ್, 1985ರಲ್ಲಿ ಏಕಾರ್ನ್‌ನಲ್ಲಿ ವಿಲ್ಸನ್ ಮತ್ತು ಫರ್ಬರ್ ರೂಪಿಸಿದ 'ಆರ್ಮ್' ವಂಶದ್ದು.

ಅದೇ ವಂಶದ ಇನ್ನೊಂದು ಚಿಪ್ 2012ರ ಫೆಬ್ರವರಿ 29ರಂದು ಕೇಂಬ್ರಿಜ್‌ನಿಂದಲೇ ಬಂದ ರಾಸ್ಪ್‌ಬೆರಿ ಪೈ ಯಂತ್ರದಲ್ಲಿತ್ತು. ಬೆಲೆ 35 ಡಾಲರ್. ಅದನ್ನು ರೂಪಿಸಿದವರಲ್ಲಿ ಪ್ರಮುಖನಾದ ಎಬೆನ್ ಅಪ್ಟನ್ ಬಾಲ್ಯದಲ್ಲಿ ಬಿ.ಬಿ.ಸಿ. ಯಂತ್ರದ ಮೇಲೆ ಕಲಿತವನು. ಗಣಕ ವಿಜ್ಞಾನ ಓದಲು ಬರುವ ಹೊಸ ಹುಡುಗರಿಗೆ ಪ್ರೋಗ್ರಾಮ್ ಬರೆದ ಅಭ್ಯಾಸ ಕಡಿಮೆಯಾಗುತ್ತಿರುವುದು ಅವನಿಗೆ ಚಿಂತೆಯಾಗಿತ್ತು. ಹಲಗೆಯಂಥ ಈ ಯಂತ್ರಕ್ಕೆ ಪೆಟ್ಟಿಗೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ವಿದ್ಯುತ್ತಿಗೆ ಮೊಬೈಲ್ ಚಾರ್ಜರ್, ಸ್ಮರಣೆಗೆ ಕ್ಯಾಮೆರಾದ ಕಾರ್ಡ್. ಚಾರ್ಜರ್ ದುರ್ಬಲವಾಗಿದ್ದರೆ ನಡುವೆಯೇ ಕೈಕೊಡುತ್ತಿತ್ತು. ಹಲಗೆಯ ಒಂದು ಅಂಚಿನಲ್ಲಿ ಹಳದಿ ಬಣ್ಣದ ದುಂಡನೆಯ ತೂತೊಂದಿತ್ತು, ಮನೆಯ ಹಳೆಯ ಟಿ.ವಿ.ಗೆ ತಂತಿ ಸಿಕ್ಕಿಸಲು.