ವಾಲಚಂದ್ ಹೀರಾಚಂದ್: ಬೆಂಗಳೂರಿನ ವಿಮಾನ ಕಾರ್ಖಾನೆಗೆ ಬಂಡವಾಳ ಬಂದ ಬಗೆ

ಉದ್ಯಮಿ ವಾಲಚಂದ್ ಹೀರಾಚಂದ್ ದೋಶಿ (1882–1953) ಸೊಲ್ಲಾಪುರದ ದಿಗಂಬರ ಜೈನ ಮನೆತನದವರು. ಮನೆಯ ವ್ಯಾಪಾರ ಅವರಿಗೆ ಒಗ್ಗಲಿಲ್ಲ. ರೈಲ್ವೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರಿಗೆ ಗುತ್ತಿಗೆಯ ಒಳಹೊರಗು ಗೊತ್ತಿತ್ತು, ಹಣವಿರಲಿಲ್ಲ. ವಾಲಚಂದರಲ್ಲಿ ಹಣವಿತ್ತು, ಅನುಭವವಿರಲಿಲ್ಲ. ಇಬ್ಬರೂ ಪಾಲುದಾರರಾಗಿ ಬಾರ್ಶಿ ಲೈಟ್ ರೈಲ್ವೆಯ ಕಾಮಗಾರಿ ಹಿಡಿದರು.

1919ರಲ್ಲಿ ಅವರು ಇತರರೊಡನೆ ಸಿಂಧಿಯಾ ಹಡಗು ಕಂಪನಿ ಆರಂಭಿಸಿದಾಗ ಬ್ರಿಟಿಷ್ ಕಂಪನಿಗಳು ಸಾಗಣೆ ದರವನ್ನೇ ಇಳಿಸಿ ಕಾಡಿದವು. ಕಂಪನಿ ಉಳಿಯಿತು.

ವಿಮಾನ ಕಾರ್ಖಾನೆ ಇನ್ನೂ ದೊಡ್ಡ ಸಾಹಸ. ಒಬ್ಬರ ಹಣದಿಂದ ಆಗುವ ಕೆಲಸವಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ 700 ಎಕರೆ ಜಮೀನು ಕೊಟ್ಟು, 25 ಲಕ್ಷ ರೂಪಾಯಿ ತೊಡಗಿಸಲು ಒಪ್ಪಿತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಇಂದಿನ ಎಚ್‌ಎಎಲ್‌ನ ಮೂಲ ಇದೇ. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ಹಾಕಿ ಪಾಲುದಾರನಾಯಿತು.

ಸರ್ಕಾರದ ಹಣದ ಜೊತೆಗೆ ಸರ್ಕಾರದ ಹಿಡಿತವೂ ಬರುತ್ತದೆ. 1942ರಲ್ಲಿ ಜಪಾನ್ ಯುದ್ಧ ಹತ್ತಿರವಾದಾಗ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಸ್ಥಾಪಿಸಿ ಎರಡು ವರ್ಷವೂ ತುಂಬಿರಲಿಲ್ಲ.

ಅವರ ಇನ್ನೊಂದು ಕನಸು ವಿಶಾಖಪಟ್ಟಣದ ಹಡಗುಕಟ್ಟೆ. 1941ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತ್ತು. ಅಲ್ಲಿ ಕಟ್ಟಿದ 'ಜಲ ಉಷಾ' ಹಡಗು 1948ರಲ್ಲಿ ನೀರಿಗಿಳಿದಾಗ ವಾಲಚಂದರು ಇನ್ನೂ ಬದುಕಿದ್ದರು.