ಆಟಕ್ಕೆ ಬೇಲಿ ಹಾಕಿದ ಮೈದಾನ

ಆಟ ನೋಡಲು ಟಿಕೆಟ್ ಕೊಳ್ಳುವುದು ಇಂದು ಯಾರಿಗೂ ವಿಚಿತ್ರವೆನಿಸದು. ಆದರೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರಿಯರಿಗೆ ಅದು ಹೊಸ ಸಂಗತಿ. ಕ್ರಿಕೆಟ್‌ನಂತೆಯೇ ಚೆಂಡು-ದಾಂಡಿನ ಆಟವಾದ ಬೇಸ್‌ಬಾಲ್ ಅಲ್ಲಿ ಊರ ಬಯಲುಗಳಲ್ಲಿ ನಡೆಯುತ್ತಿತ್ತು. ದಾರಿಹೋಕರೂ ನಿಂತು ನೋಡಬಹುದಿತ್ತು. ಆಡುವವರು ಸಂಜೆಯ ವಿರಾಮಕ್ಕೆಂದು ಕ್ಲಬ್ ಕಟ್ಟಿಕೊಂಡ ಗುಮಾಸ್ತರು, ವ್ಯಾಪಾರಿಗಳು, ಕುಶಲಕರ್ಮಿಗಳು.

1858ರಲ್ಲಿ ನ್ಯೂಯಾರ್ಕ್ ಸಮೀಪದ ಕುದುರೆ ಪಂದ್ಯದ ಮೈದಾನವೊಂದರಲ್ಲಿ ಹಣ ಪಡೆದು ಬೇಸ್‌ಬಾಲ್ ಆಡಿಸಿದ್ದುಂಟು. ಆದರೆ ಈ ಆಟಕ್ಕೆಂದೇ ಸುತ್ತ ಬೇಲಿ ಕಟ್ಟಿದ ಮೊದಲ ಮೈದಾನ ‘ಯೂನಿಯನ್ ಗ್ರೌಂಡ್ಸ್’. ಆಗ ಪ್ರತ್ಯೇಕ ನಗರವಾಗಿದ್ದ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಭಾಗದಲ್ಲಿ, 1862ರ ಮೇ 15ರಂದು ಅದರ ಬಾಗಿಲು ತೆರೆಯಿತು.

ಇದರ ಒಡೆಯ ವಿಲಿಯಂ ಕ್ಯಾಮೆಯರ್. ಚಳಿಗಾಲದಲ್ಲಿ ಆ ಜಾಗಕ್ಕೆ ನೀರು ತುಂಬಿಸುತ್ತಿದ್ದರು. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾದಾಗ ಜನ ಶುಲ್ಕ ಕೊಟ್ಟು ಅದರ ಮೇಲೆ ಜಾರಾಟವಾಡುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಸ್ಥಳ ಖಾಲಿ. ಅದರಿಂದಲೂ ಆದಾಯ ಬರಲೆಂದು ಕ್ಯಾಮೆಯರ್ ನೀರು ಹೊರಬಿಟ್ಟು ನೆಲ ಮಟ್ಟ ಮಾಡಿಸಿದ. ಹಲಗೆಯ ಬೇಲಿ ಹಾಕಿಸಿ, ಬೆಂಚುಗಳನ್ನು ಇರಿಸಿದ. ಮಹಿಳೆಯರು ಕೂರಲು ಪ್ರತ್ಯೇಕ ವ್ಯವಸ್ಥೆಯೂ ಇತ್ತು.

ಅಮೆರಿಕ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಕಾಲವದು. ಉದ್ಘಾಟನೆಯ ದಿನ ವಾದ್ಯವೃಂದ ‘ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ಗೀತೆಯನ್ನು ನುಡಿಸಿತು. ಅದು ಕಾನೂನಿನ ಮೂಲಕ ರಾಷ್ಟ್ರಗೀತೆಯಾದದ್ದು 1931ರಲ್ಲಿ.

ಪ್ರೇಕ್ಷಕರಿಗೆ ಗೊತ್ತುಮಾಡಿದ ದರ ಹತ್ತು ಸೆಂಟ್. ಮೈದಾನ ಬಳಸುವ ಕ್ಲಬ್‌ಗಳಿಗೆ ಮೊದಲು ಬಾಡಿಗೆ ಇರಲಿಲ್ಲ. ಅದಕ್ಕೆ ಬದಲಾಗಿ ಬಾಗಿಲಲ್ಲಿ ಸಂಗ್ರಹವಾದ ಹಣವೆಲ್ಲ ಒಡೆಯನದು. ಇದು ಎರಡೂ ಕಡೆಗೆ ಲಾಭದ ಏರ್ಪಾಡಿನಂತೆ ಕಂಡಿತು. ಆದರೆ ನೋಡುವವರು ಹೆಚ್ಚಿದಂತೆ ಒಂದು ಪ್ರಶ್ನೆ ಎದ್ದಿತು: ಜನ ಹಣ ಕೊಡುವುದು ಯಾರನ್ನು ನೋಡಲು? ಬೇಲಿ ಕಟ್ಟಿದವನನ್ನೋ, ಆಡುವವರನ್ನೋ?

ಆ ದಶಕದಲ್ಲಿಯೇ ಕ್ಲಬ್‌ಗಳು ತಮ್ಮ ಪಾಲು ಕೇಳಿದವು, ಪಡೆದವು. ಆಟಗಾರರಿಗೆ ಸಂಬಳ ಕೊಡಕೂಡದೆಂಬ ನಿಯಮವೇನೋ ಇತ್ತು. ಆದರೆ ಒಳಗಿಂದೊಳಗೇ ಹಣ ಕೈಬದಲಾಗುತ್ತಿತ್ತು. ನ್ಯೂಯಾರ್ಕ್‌ನ ಹೆಸರಾಂತ ‘ಮ್ಯೂಚುಯಲ್’ ತಂಡದ ಆಟಗಾರರಿಗೆ ನಗರಾಡಳಿತದ ಸಂಬಳಪಟ್ಟಿಯಲ್ಲಿ ಸ್ಥಾನ ಸಿಗುತ್ತಿತ್ತು. 1869ರ ಹೊತ್ತಿಗೆ ಈ ಮುಸುಕು ಕಳಚಿತು. ವೃತ್ತಿಪರ ಆಟಕ್ಕೆ ಒಪ್ಪಿಗೆ ದೊರೆಯಿತು. ಬಹಿರಂಗವಾಗಿಯೇ ಸಂಬಳ ಪಡೆಯುತ್ತಿದ್ದ ‘ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್’ ತಂಡ ಅದೇ ಜೂನ್ 15ರಂದು ಯೂನಿಯನ್ ಗ್ರೌಂಡ್ಸ್‌ಗೆ ಬಂದು ಮ್ಯೂಚುಯಲ್ ತಂಡವನ್ನು 4-2ರಿಂದ ಸೋಲಿಸಿತು. ಆ ತಂಡದ ಜಾರ್ಜ್ ರೈಟ್‌ನ ಸಂಬಳ 1,400 ಡಾಲರ್. ಇಂಥ ಮೊತ್ತ ಹುಟ್ಟಬೇಕಾದರೆ ಬೇಲಿ, ಬಾಗಿಲು, ಟಿಕೆಟ್ ಮೂರೂ ಬೇಕಿದ್ದವು.

1871ರಲ್ಲಿ ಆರಂಭವಾದ ವೃತ್ತಿಪರ ಆಟಗಾರರ ಸಂಘದ ಪಂದ್ಯಗಳಿಗೂ, 1876ರಲ್ಲಿ ಹುಟ್ಟಿದ ನ್ಯಾಷನಲ್ ಲೀಗ್‌ಗೂ ಈ ಮೈದಾನ ನೆಲೆಯಾಯಿತು. ಅಷ್ಟರಲ್ಲಿ ಕ್ಯಾಮೆಯರ್ ಸ್ವತಃ ಮ್ಯೂಚುಯಲ್ ತಂಡದ ವ್ಯವಸ್ಥಾಪಕನಾಗಿದ್ದ. ಆದರೆ ಲೀಗ್‌ನ ಮೊದಲ ವರ್ಷದ ಕೊನೆಯಲ್ಲಿ ತಂಡ ಪಶ್ಚಿಮದ ಊರುಗಳಿಗೆ ಹೋಗಿ ಆಡಲು ನಿರಾಕರಿಸಿತು. ಪ್ರವಾಸದ ಖರ್ಚು ಗಿಟ್ಟದೆಂಬ ಲೆಕ್ಕಾಚಾರ. ಲೀಗ್ ಅದನ್ನು ಹೊರಹಾಕಿತು. ಹಣದ ಲೆಕ್ಕದಿಂದ ಬೆಳೆದ ಮೈದಾನ ಹಣದ ಲೆಕ್ಕದಿಂದಲೇ ತನ್ನ ತಂಡವನ್ನು ಕಳೆದುಕೊಂಡಿತು. 1877ರಲ್ಲಿ ಹಾರ್ಟ್‌ಫೋರ್ಡ್ ತಂಡ ಇಲ್ಲಿ ಬಂದು ಆಡಿತಾದರೂ ಹಳೆಯ ವೈಭವ ಮರಳಲಿಲ್ಲ. 1883ರಲ್ಲಿ ಮೈದಾನವನ್ನು ಕೆಡವಲಾಯಿತು. ಅಲ್ಲಿ ಸೇನಾ ತುಕಡಿಯೊಂದರ ಶಸ್ತ್ರಾಗಾರ ತಲೆಯೆತ್ತಿತು.

ಬೇಲಿ ಆಟಗಾರನಿಗೆ ಜೀವನೋಪಾಯ ಕೊಟ್ಟಿತು. ಬೆವರಿಗೆ ಬೆಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಹತ್ತು ಸೆಂಟ್ ಇಲ್ಲದವನು ಹೊರಗೆ ಉಳಿದ. ಆಡುವವನ ನ್ಯಾಯ ಮತ್ತು ನೋಡುವವನ ಹಕ್ಕು ಮೊದಲ ಬಾರಿಗೆ ಎದುರುಬದುರಾದದ್ದು ಬ್ರೂಕ್ಲಿನ್‌ನ ಆ ಹಲಗೆಗಳ ಬಳಿ. ಹಲಗೆಗಳು ಹೋಗಿ ಕಾಂಕ್ರೀಟ್ ಗೋಡೆಗಳು ಬಂದಿವೆ. ವ್ಯಾಜ್ಯ ಮಾತ್ರ ಇನ್ನೂ ತೀರಿಲ್ಲ.