ಅರಿಶಿನ ಕರುಳು ಮುಟ್ಟುವ ದಾರಿ

1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿತು. 397 ಮಂದಿ ರೋಗಕ್ಕೆ ತುತ್ತಾದರು, ಅವರಲ್ಲಿ 106 ಮಂದಿ ಸತ್ತರು. ವಿಚಿತ್ರವೆಂದರೆ ಅಲ್ಲಿನ ನಾಯಿಗಳಿಗೂ ಅದೇ ರೋಗ! ನಾಯಿಗೂ ಯಜಮಾನನಿಗೂ ಸಮಾನವಾಗಿದ್ದದ್ದು ಊಟ. ಅಕಾಲ ಮಳೆಗೆ ನೆನೆದ ಮುಸುಕಿನ ಜೋಳಕ್ಕೆ ಬೂಷ್ಟು ಹಿಡಿದು, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳನ್ನು ಕೊಂದದ್ದೂ ಇದೇ ವಿಷ. ಅಲ್ಲಿ ಅದು ಕಡಲೆಕಾಯಿ ಹಿಂಡಿಯಲ್ಲಿತ್ತು.

ಈ ವಿಷಕ್ಕೆ ಕರುಳೇ ಹೆಬ್ಬಾಗಿಲು. ಒಳಪೊರೆಯನ್ನು ಕೆಡಿಸಿ, ರಕ್ತಕ್ಕೆ ಸೇರಿ, ಯಕೃತ್ತನ್ನು ಹಿಡಿಯುತ್ತದೆ. ಅಫ್ಲಾಟಾಕ್ಸಿನ್ ಉಣಿಸಿದ ಬಾತುಮರಿಗಳ ಯಕೃತ್ತಿನ ಹಾನಿಯನ್ನು ಅರಿಶಿನವೂ ಅದರ ಹಳದಿ ಸಾರವಾದ ಕರ್ಕ್ಯುಮಿನ್ನೂ ಬಹುಮಟ್ಟಿಗೆ ಸರಿಪಡಿಸಿದವೆಂದು 1992ರಲ್ಲಿ ಕೇರಳದ ವಿಜ್ಞಾನಿಗಳು ವರದಿ ಮಾಡಿದರು.

ಹಾಗಾದರೆ ಅರಿಶಿನ ತಿಂದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ರಕ್ತಕ್ಕೆ ಸೇರುವಷ್ಟು ಅಲ್ಪಸ್ವಲ್ಪವನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಹೊರದೂಡುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. 2 ಗ್ರಾಂ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಅತ್ಯಲ್ಪ, ಕೆಲವರಲ್ಲಿ ಏನೂ ಇಲ್ಲ. ಕರಿಮೆಣಸಿನ ಪೈಪರಿನ್ ಬರೀ 20 ಮಿಲಿಗ್ರಾಂ ಜೊತೆಗೂಡಿದಾಗ ಲಭ್ಯತೆ ಶೇಕಡ 2000ರಷ್ಟು ಏರಿತು. ನಮ್ಮ ಸಾರಿನ ಪುಡಿಯಲ್ಲಿ ಈ ಜೋಡಿ ಹಿಂದಿನಿಂದಲೂ ಇದೆಯಲ್ಲ! ಆದರೆ ಪೈಪರಿನ್ ತಡೆಯುವ ಕಿಣ್ವಗಳೇ ಎಷ್ಟೋ ಔಷಧಗಳನ್ನು ದೇಹದಿಂದ ಹೊರಹಾಕುವಂಥವು. ಆ ಕಾವಲುಗಾರನನ್ನು ಮಲಗಿಸುವುದು ಅಷ್ಟು ಜಾಣತನವಲ್ಲ.

ಇನ್ನೊಂದು ದಾರಿ ಹಳೆಯದು. 1884ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಪೌಲ್ ಉನ್ನಾ ಗುಳಿಗೆಗಳಿಗೆ ಕೆರಟಿನ್ ಲೇಪಿಸಿದರು. ಕೊಂಬು, ಗೊರಸುಗಳಲ್ಲಿರುವ ಆ ವಸ್ತು ಜಠರದ ಆಮ್ಲವನ್ನು ತಡೆದು ಕರುಳಿನಲ್ಲಿ ಬಿಚ್ಚಿಕೊಳ್ಳಲಿ ಎಂಬುದು ಅವರ ಉದ್ದೇಶ. ಮದ್ದಿನ ಜೊತೆ ವಿಳಾಸವನ್ನೂ ಬರೆದು ಕಳಿಸಿದ ಹಾಗೆ!

2007ರಲ್ಲಿ ಅಮೆರಿಕ ಮತ್ತು ದೆಹಲಿಯ ಸಂಶೋಧಕರು ಕರ್ಕ್ಯುಮಿನ್ನನ್ನು 100 ನ್ಯಾನೊಮೀಟರಿಗಿಂತ ಚಿಕ್ಕ ಪಾಲಿಮರ್ ಕಣಗಳಲ್ಲಿ ತುಂಬಿ, ನೀರಿನಲ್ಲಿ ಹರಡುವಂತೆ ಮಾಡಿದರು. ಅವರ ಗುರಿ ಕ್ಯಾನ್ಸರ್ ಕೋಶಗಳಾಗಿದ್ದವು. ಕರುಳಿನ ರಕ್ಷಣೆಗೆ ಹೊರಟವರು ಇಂಥ ಕಣಕ್ಕೆ ಉನ್ನಾ ಅವರ ಉಪಾಯವನ್ನೂ ಸೇರಿಸಿ, ಆಮ್ಲದಲ್ಲಿ ಕರಗದ ಹೊದಿಕೆ ಹೊದಿಸಿದರು. ಇಲ್ಲಿ ಲೆಕ್ಕವೇ ಬೇರೆ: ಮದ್ದು ರಕ್ತಕ್ಕೆ ಓಡಬೇಕಾಗಿಲ್ಲ, ವಿಷ ತಾಗುವ ಒಳಪೊರೆಯ ಬಳಿಯೇ ನಿಂತರಾಯಿತು. ಇಂಥ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಇಲಿ, ಕೋಳಿಗಳ ಮೇಲೆ. ಜೋಳ ಬೆಳೆಯುವ ರೈತನಿಗೆ ಇಂದಿಗೂ ಕೈಗೆಟಕುವ ರಕ್ಷಣೆಯೆಂದರೆ ಕೊಯ್ದ ಕಾಳನ್ನು ಬೇಗ ಒಣಗಿಸಿಡುವುದು.